ಉಪವಾಸ, ರೋಜಾ ಒಟ್ಟಿಗೆ ಬಂದಾಗ ಚರ್ಚ್ ಹಾಲಲ್ಲಿ ಇಫ್ತಾರ್ ಮಾಡೋದು ಹೇಗೆ

ನಮ್ ಚಿಕ್ಕಮಗ್ಳೂರು ಕಡೆ ಕ್ರೈಸ್ತರು ಮುಸ್ಲಿಮರು ಒಂದೇ ಬೀದೀಲಿ, ಒಂದೇ ಎಸ್ಟೇಟ್ ಲೈನಲ್ಲಿ ಇರ್ತಾರೆ, ಆದ್ರೆ ಧರ್ಮದ ಮಾತು ಬಂದ್ರೆ ಯೇಸು ದೇವರ ಮಗನಾ ಪ್ರವಾದಿನಾ ಅನ್ನೋದಕ್ಕೆ ಹೋಗಿ ಅಲ್ಲಿಗೇ ನಿಂತೋಗತ್ತೆ. ಅದನ್ನ ಬಿಟ್ಟು ಉಪವಾಸದಿಂದ ಶುರು ಮಾಡಿ, ಚರ್ಚ್ ಹಾಲಲ್ಲೇ ಒಂದು ಇಫ್ತಾರ್ (ರೋಜಾ ಅಂದ್ರೆ ರಂಜಾನ್ ಉಪವಾಸ ಬಿಡೋ ಸಂಜೆ ಊಟ) ಇಟ್ಕೊಳ್ಳಿ. 2027ರಲ್ಲಿ ಬೂದಿ ಬುಧವಾರ, ಅಂದ್ರೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾಗೋ ದಿನ, ಫೆಬ್ರವರಿ 10, ಚಂದ್ರ ಕಂಡ್ರೆ ರಂಜಾನೂ ಅದೇ ವಾರ. ರಂಜಾನ್ ವರ್ಷವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರತ್ತಲ್ಲ, 2028ಕ್ಕೆ ತಪಸ್ಸು ಕಾಲ ಶುರುವಾಗೋ ಹೊತ್ತಿಗೆ ರೋಜಾ ಮುಗಿದಿರತ್ತೆ.

ಮೊದ್ಲು ಫಾದರ್ ಹತ್ರ ಹೋಗಿ, ಆಮೇಲೆ ಮಸೀದೀಲಿ ನಮಾಜ್ ನಡೆಸೋ ಹಜರತ್ ಹತ್ರ (ಕರಾವಳಿ ಮೂಲದ ಬ್ಯಾರಿ ಮುಸ್ಲಿಮರ ಮಸೀದಿ ಆದ್ರೆ ಉಸ್ತಾದ್ ಅಂತಾರೆ). ಚರ್ಚ್ ಕಮಿಟಿ ಹಿಂದೆಮುಂದೆ ನೋಡಿದ್ರೆ 1965ರ ವ್ಯಾಟಿಕನ್ ಘೋಷಣೆ (ನೊಸ್ಟ್ರಾ ಎಟಾಟೆ) ತೋರ್ಸಿ, ಮುಸ್ಲಿಮರ ಪ್ರಾರ್ಥನೆ, ದಾನ, ಉಪವಾಸನ ಗೌರವದಿಂದ ಹೆಸರಿಸಿದೆ.

ಶುಕ್ರವಾರ ಬೇಡ, ಸಂಜೆ ಚರ್ಚಲ್ಲಿ ಶಿಲುಬೆ ಹಾದಿ ಪ್ರಾರ್ಥನೆ ಇರತ್ತೆ. ಶನಿವಾರ ಒಳ್ಳೇದು. ಫೆಬ್ರವರಿ ಕೊನೇಲಿ ಸೂರ್ಯ ಮುಳುಗೋದು ಆರೂವರೆ ಆಸುಪಾಸು, ಮಾತುಕತೆ ಏನಿದ್ರೂ ಅದಕ್ಕೆ ಮುಂಚೆ ಮುಗಿಸ್ಬಿಡಿ, ಯಾಕಂದ್ರೆ ಖರ್ಜೂರ ನೀರು ತಗೊಂಡ ತಕ್ಷಣ ಮಗ್ರಿಬ್ (ಸೂರ್ಯ ಮುಳುಗಿದ ಮೇಲಿನ) ನಮಾಜ್ ಇದೆ, ವುಜೂಗೆ (ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯೋದಕ್ಕೆ) ನಲ್ಲಿ, ಚಾಪೆ, ಒಂದು ಖಾಲಿ ರೂಮು ಮೊದ್ಲೇ ರೆಡಿ ಇರ್ಲಿ. ಇಬ್ಬರೂ ಸೇರಿ ಒಂದೇ ಪ್ರಾರ್ಥನೆ ಅಂತೆಲ್ಲ ಹೊಸದಾಗಿ ಹೆಣೀಬೇಡಿ, ಅದು ಯಾರಿಗೂ ಸರಿಹೋಗಲ್ಲ.

ಊಟ ಪೂರ್ತಿ ವೆಜ್ ಮಾಡಿ. ಹಲಾಲ್ ತಲೆನೋವು ಇಲ್ಲ, ತಪಸ್ಸು ಕಾಲಕ್ಕೆ ಮಾಂಸ ಬಿಟ್ಟವರಿಗೂ ಆಯ್ತು. ಆದ್ರೆ ಪಾತ್ರೆ! ಚರ್ಚ್ ಅಡುಗೆಮನೇಲಿ ಹಂದಿ ಮಾಂಸ ಬೇಯಿಸಿದ ಪಾತ್ರೆ ಇರಬಹುದು, ಮಸೀದಿಯವರ ಗಂಜಿ ಪಾತ್ರೆನೇ ಕೇಳಿ ತಗೊಳ್ಳಿ, ಅವ್ರು ಖುಷಿಯಾಗೇ ಕೊಡ್ತಾರೆ. ರಮ್ ಹಾಕಿದ ಕೇಕ್ ಹೊರಗೆ ತೆಗೀಬೇಡಿ. ಗಂಜಿ, ಅಕ್ಕಿ ರೊಟ್ಟಿ, ಹಣ್ಣು ಸಾಕು, ನಮಾಜ್ ಆದ್ಮೇಲೆ ಫಿಲ್ಟರ್ ಕಾಫಿ ಇಲ್ದಿದ್ರೆ ಮಾತ್ರ ಬೇಜಾರಾಗ್ತಾರೆ.

ಮಾತಾಡೋಕೆ ಓದ್ಕೊಂಡು ಬರೋದು ಎರಡೇ: ಕುರ್‌ಆನ್ 2:183, ನಿಮಗಿಂತ ಹಿಂದಿನವರಿಗೂ ಉಪವಾಸ ವಿಧಿಸಲಾಗಿತ್ತು ಅನ್ನೋದು, ಮತ್ತೆ ಬೈಬಲಿನ ಮತ್ತಾಯ 6, ಉಪವಾಸ ಇದ್ದಾಗ ಜನ ನೋಡ್ಲಿ ಅಂತ ಮುಖ ಸಪ್ಪೆ ಮಾಡ್ಕೋಬೇಡಿ ಅನ್ನೋದು. ಅವರವರ ಗ್ರಂಥ ಅವರೇ ಓದ್ಲಿ. ಆಮೇಲೆ ಜನ ತಾವಾಗೇ ಕೇಳ್ತಾರೆ, ನೀರೂ ಕುಡಿಯಲ್ವಾ, ನಿಮ್ದು ನಲವತ್ತು ದಿನಾನೂ ಊಟ ಇಲ್ವಾ ಅಂತ. ಕ್ಯಾಥೊಲಿಕರಿಗೆ ಕಡ್ಡಾಯ ಉಪವಾಸ ಬೂದಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ ಅಂದ್ರೆ ರೋಜಾ ಇರೋರು ನಗ್ತಾರೆ, ನಗ್ಲಿ ಬಿಡಿ, ಅಲ್ಲಿಂದ್ಲೇ ಮಾತು ಸಲೀಸಾಗತ್ತೆ. ಜಕಾತ್ (ಕಡ್ಡಾಯ ದಾನ) ಎರಡೂವರೆ ಪರ್ಸೆಂಟ್ ಲೆಕ್ಕ ಹೇಗೆ ಹಾಕ್ತೀರಿ ಭಾಯ್ ಅಂತ ನೀವೂ ಕೇಳಿ.

ಫೋಟೋಗೆ ರಾಜಕಾರಣಿ ಕರೀಬೇಡಿ. ಇನ್ನೊಂದು, ಈದ್ ಮಾರ್ಚ್ 10ರ ಆಸುಪಾಸು, ಅಂದ್ರೆ ತಪಸ್ಸು ಕಾಲದ ಮಧ್ಯದಲ್ಲೇ ಬಿರಿಯಾನಿ ಡಬ್ಬ ಬರತ್ತೆ. ಶುಕ್ರವಾರ ಅಲ್ದಿದ್ರೆ ಚರ್ಚ್ ನಿಯಮದ ಪ್ರಕಾರ ತಿನ್ನಬಹುದು. ನೀವೇ ಮಾಂಸ ಬಿಟ್ಟಿದ್ರೆ ಇಫ್ತಾರ್ ದಿನಾನೇ ಹೇಳ್ಬಿಡಿ, ಶೀರ್ ಖುರ್ಮಾ (ಹಾಲು ಶಾವಿಗೆ ಪಾಯಸ) ಜಾಸ್ತಿ ಕಳಿಸ್ತಾರೆ.