ಪಾಸ್‌ವರ್ಡ್ ಸರಿಯಾಗಿಯೇ ಇತ್ತು

ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಆರೂವರೆಗೆ ಡೊಂಬಿವಲಿಯಿಂದ ಚಿಕ್ಕಪ್ಪನ ಫೋನ್. "ಪಾಸ್‌ವರ್ಡ್ ಹಾಳಾಗಿದೆ ಮಾರಾಯ, ಒಳಗೆ ಬಿಡುವುದಿಲ್ಲ. ಡಬ್ಬಿ ಊಟದವರ ಬಿಲ್ಲು ಇವತ್ತೇ ಕೊಡಬೇಕು." ಅವರ ಹೋಟೆಲಿನ ತಿಂಗಳ ಖಾತೆಗಳೆಲ್ಲ ಗಲ್ಲೆಯ ಹಿಂದಿನ ಉಬುಂಟು (ಲಿನಕ್ಸಿನ ಒಂದು ಬಗೆ) ಕಂಪ್ಯೂಟರಿನಲ್ಲಿ, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿವೆ. ನೋಡುವುದು ಪಿಎಚ್‌ಪಿಮೈಅಡ್ಮಿನ್‌ನಲ್ಲಿ, ಅಂದರೆ ಬ್ರೌಸರಿನಲ್ಲೇ ಡೇಟಾಬೇಸ್ ತೆರೆದು ತೋರಿಸುವ ಪ್ರೋಗ್ರಾಮಿನಲ್ಲಿ. ಹಾಕಿಕೊಟ್ಟವನು ನಾನು.

ಕಳೆದ ವರ್ಷ ಇಂಥದ್ದೇ ಆದಾಗ ಗಾಬರಿಯಲ್ಲಿ ಪಾಸ್‌ವರ್ಡ್ ಬದಲಿಸಿ, ಕಾನ್ಫಿಗ್ ತಿದ್ದಿ, ಪಿಎಚ್‌ಪಿಮೈಅಡ್ಮಿನ್ ಅನ್ನೇ ಮತ್ತೆ ಇನ್‌ಸ್ಟಾಲ್ ಮಾಡಿದ್ದೆ. ಕೊನೆಗೆ ಸರಿಯಾಯಿತು, ಯಾವುದರಿಂದ ಅಂತ ಇವತ್ತಿಗೂ ತಿಳಿದಿಲ್ಲ. ಅದು ನನ್ನನ್ನು ಬಹಳ ದಿನ ಕಾಡಿತ್ತು. ಈ ಸಲ ಲೋಕಲ್ ರೈಲು ಹತ್ತುವ ಮೊದಲೇ ಒಂದು ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡೆ. ಒಂದು ಸಲಕ್ಕೆ ಒಂದೇ ಪರೀಕ್ಷೆ, ಕಂಡದ್ದನ್ನು ಬರೆದ ಮೇಲೆ ಮುಂದಿನದು.

ಲಾಗಿನ್ ಪುಟ ಬರುತ್ತಿತ್ತು. ಹಾಗಾದರೆ ಬ್ರೌಸರ್, ಪುಟ ಕಳಿಸುವ ಅಪಾಚೆ, ಪುಟ ಸಿದ್ಧಮಾಡುವ ಪಿಎಚ್‌ಪಿ ಕೆಲಸ ಮಾಡುತ್ತಿವೆ, ಸದ್ಯ ಅವನ್ನು ಮುಟ್ಟುವುದು ಬೇಡ. ಪಾಸ್‌ವರ್ಡ್ ಕೊಟ್ಟಾಗ ಬಂದ ಸಂಖ್ಯೆ 2002, ಪಕ್ಕದಲ್ಲಿ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’, ಅಂಥ ಫೈಲೇ ಇಲ್ಲ ಅಂತ. ಪಾಸ್‌ವರ್ಡ್ ತಪ್ಪಿದ್ದರೆ 1045 ಬರಬೇಕಿತ್ತು. 1045 ಅಂದರೆ ಮೈಎಸ್‌ಕ್ಯೂಎಲ್ ಬಾಗಿಲು ತೆರೆದು, ಹೆಸರು ಕೇಳಿ, ಒಳಗೆ ಬಿಡಲಿಲ್ಲ ಅಂತ. 2002 ಅಂದರೆ ಬಾಗಿಲ ತನಕ ಹೋಗಿಯೇ ಇಲ್ಲ.

ಇಲ್ಲಿ ಹಲವರು ಎಡವುತ್ತಾರೆ. ಹೋಸ್ಟ್ (ಡೇಟಾಬೇಸ್ ಇರುವ ಕಂಪ್ಯೂಟರ್) ಜಾಗದಲ್ಲಿ ಲೋಕಲ್‌ಹೋಸ್ಟ್, ಅಂದರೆ ಇದೇ ಕಂಪ್ಯೂಟರ್, ಎಂದಿದ್ದರೆ ಲಿನಕ್ಸಿನಲ್ಲಿ ಸಂಪರ್ಕವಾಗುವುದು ನೆಟ್‌ವರ್ಕಿನ ಬಾಗಿಲಾದ 3306ನೇ ಪೋರ್ಟಿನ ಮೂಲಕ ಅಲ್ಲ, ಒಂದೇ ಕಂಪ್ಯೂಟರಿನ ಪ್ರೋಗ್ರಾಮುಗಳು ಮಾತಾಡಿಕೊಳ್ಳುವ ಸಾಕೆಟ್ ಫೈಲಿನ ಮೂಲಕ. ಆ ಫೈಲನ್ನು ಮೈಎಸ್‌ಕ್ಯೂಎಲ್ ಏಳುವಾಗ ತಾನೇ ಮಾಡಿಕೊಳ್ಳುತ್ತದೆ. ಫೈಲ್ ಸಿಗಲಿಲ್ಲ ಅಂದರೆ ಒಂದೋ ಮೈಎಸ್‌ಕ್ಯೂಎಲ್ ಸರ್ವರ್ ಎದ್ದಿಲ್ಲ, ಇಲ್ಲವೇ ಪಿಎಚ್‌ಪಿ ಬೇರೆಲ್ಲೋ ಹುಡುಕುತ್ತಿದೆ. ಯಾವುದೆಂದು ತಿಳಿಯಲು ಟರ್ಮಿನಲ್‌ನಲ್ಲಿ ಹೋಸ್ಟ್ 127.0.0.1 (ಇದೇ ಕಂಪ್ಯೂಟರಿನ ಅಂಕಿ ವಿಳಾಸ) ಎಂದು ಕೊಟ್ಟೆ. ಆಗ ಪೋರ್ಟನ್ನೇ ತಟ್ಟುತ್ತದೆ. ಬಂದದ್ದು 2003, ಸಂಪರ್ಕವಾಗಲಿಲ್ಲ ಅಂತ; ಕೊನೆಯಲ್ಲಿ 111, ಸಂಪರ್ಕ ನಿರಾಕರಿಸಲಾಗಿದೆ ಅಂತ. ಪೋರ್ಟಿನಲ್ಲೂ ಯಾರೂ ಇಲ್ಲ. ಸರ್ವರೇ ಮಲಗಿದೆ.

ಎರರ್ ಲಾಗ್ ತೆರೆದರೆ ಕಾರಣ ಅಲ್ಲೇ ಇತ್ತು: ದೋಷ ಸಂಖ್ಯೆ 28, ಡಿಸ್ಕಿನಲ್ಲಿ ಜಾಗವಿಲ್ಲ. ಡಿಸ್ಕ್ ಎಷ್ಟು ತುಂಬಿದೆ ಎಂದು ತೋರಿಸುವ ‘ಡಿಎಫ್ -ಎಚ್’ ಕೊಟ್ಟು ನೋಡಿದೆ, ಡೇಟಾ ಇರುವ ಪಾರ್ಟಿಷನ್ (ಡಿಸ್ಕಿನ ಭಾಗ) 100% ತುಂಬಿತ್ತು. ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ ಮೈಎಸ್‌ಕ್ಯೂಎಲ್‌ಗೆ ಏಳಲು ಆಗಿರಲಿಲ್ಲ. ತುಂಬಿಸಿದ್ದು ನನ್ನದೇ ರಾತ್ರಿ ಬ್ಯಾಕಪ್. ಹಳೆಯದನ್ನು ಅಳಿಸುವ ಸಾಲು ಸ್ಕ್ರಿಪ್ಟಿನಲ್ಲಿ ಇರಲೇ ಇಲ್ಲ, ಮೇಲಾಗಿ ಬ್ಯಾಕಪ್ ಮತ್ತು ಡೇಟಾ ಒಂದೇ ಪಾರ್ಟಿಷನ್‌ನಲ್ಲಿ. ಬ್ಯಾಕಪ್ಪನ್ನು ಅಲ್ಲಿ ಇಡಲೇಬಾರದಿತ್ತು.

ಅವಸರದಲ್ಲಿ, ಡೇಟಾಬೇಸಿನ ಬದಲಾವಣೆಗಳನ್ನು ದಾಖಲಿಸುವ ಬಿನ್‌ಲಾಗ್ ಫೈಲುಗಳನ್ನು ಕೈಯಾರೆ ಅಳಿಸಲು ಮನಸ್ಸಾಗುತ್ತದೆ. ಬೇಡ. ಅವುಗಳ ಪಟ್ಟಿ ಬೇರೆ ಇಂಡೆಕ್ಸ್ ಫೈಲಿನಲ್ಲಿರುತ್ತದೆ, ಎರಡೂ ತಾಳೆಯಾಗದಿದ್ದರೆ ಹೊಸ ತೊಂದರೆ. ಸರ್ವರ್ ಎದ್ದ ಮೇಲೆ ಅವನ್ನು ಅಳಿಸಲು ‘ಪರ್ಜ್ ಬೈನರಿ ಲಾಗ್ಸ್’ ಆಜ್ಞೆ ಇದ್ದೇ ಇದೆ. ನಾನು ಹಳೆಯ ಬ್ಯಾಕಪ್‌ಗಳನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸಿ ಸರ್ವರ್ ಶುರು ಮಾಡಿದೆ. ಅದೇ ಹಳೆಯ ಪಾಸ್‌ವರ್ಡಿಗೆ ಒಳಗೆ ಬಿಟ್ಟಿತು.

ಬ್ಯಾಕಪ್ ಈಗ ನೇರವಾಗಿ ಹೊರಗಿನ ಡಿಸ್ಕಿಗೇ ಹೋಗುತ್ತದೆ, ಹದಿನಾಲ್ಕು ದಿನಕ್ಕಿಂತ ಹಳೆಯದು ಅಳಿಯುತ್ತದೆ. ಗಲ್ಲೆಯ ಪಕ್ಕ ಒಂದು ಚೀಟಿ ಅಂಟಿಸಿ ಬಂದೆ: "ಚಿಕ್ಕಪ್ಪ, ಮುಂದಿನ ಸಲ ಫೋನ್ ಮಾಡುವಾಗ ಪರದೆಯ ಮೇಲಿನ ಸಂಖ್ಯೆ ಮೊದಲು ಓದಿ."