ಬಿಸಿಲಿಗೆ ಕೆಡುವ ಕ್ವಾಟ್: ನನ್ನ ಅನುಭವ

ಪ್ರತಿ ಚದರ ಮೀಟರಿಗೆ 200 ವ್ಯಾಟ್-ಗಂಟೆ ಯುವಿ, ಜೊತೆಗೆ 12 ಲಕ್ಷ ಲಕ್ಸ್-ಗಂಟೆ ಬೆಳಕು: ಔಷಧಿಗಳ ಬೆಳಕು-ತಾಳಿಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಐಸಿಎಚ್ ಕ್ಯೂ1ಬಿ ಹೇಳುವ ಈ ಪರೀಕ್ಷೆಯಲ್ಲಿ ಮಾತ್ರೆಗಳು ಕೆಡದಂತೆ ನೋಡಿಕೊಳ್ಳುವುದೇ ವರ್ಷಗಟ್ಟಲೆ ನನ್ನ ಉದ್ಯೋಗವಾಗಿತ್ತು. ಕೆಲಸ ಮುಗಿಸಿ ಚರಂಡಿ ಸೇರುವ ಮುನ್ನ ಅದೇ ಬೆಳಕಿಗೆ ಬೇಕೆಂದೇ ಕೆಡುವ ಕ್ವಾಟ್ (ಕ್ವಾಟರ್ನರಿ ಅಮೋನಿಯಂ) ವರ್ಗದ ಸೋಂಕುನಿವಾರಕವೊಂದನ್ನು ಮಾಡುತ್ತೇನೆ ಎಂದಾಗ ಹಳೆಯ ಸಹೋದ್ಯೋಗಿಗಳು ನಕ್ಕರು. ಆದರೆ ನಿಫೆಡಿಪಿನ್ ಮಾತ್ರೆಯನ್ನು ಬೆಳಕಿನಿಂದ ಕಾಪಾಡಲು ಹೆಣಗಿದವರಿಗೆ ಬೆಳಕು ಹೀರಿ ಪಕ್ಕದ ಗುಂಪಿನೊಡನೆ ವರ್ತಿಸಿ ಅಣುವನ್ನು ಕೆಡಿಸುವ ಆರ್ಥೋ-ನೈಟ್ರೋ ಗುಂಪಿನ ಚಾಳಿ ಚೆನ್ನಾಗಿ ಗೊತ್ತಿರುತ್ತದೆ. ನಾನು ನಂಬಿದ್ದು ಅದನ್ನೇ.

ಮೊದಲ ಅಣು ಪುಸ್ತಕದ ಲೆಕ್ಕದಂತೆ ಸರಿಯಾಗಿಯೇ ಇತ್ತು. ಡೈಮೆಥಾಕ್ಸಿ-ನೈಟ್ರೋಬೆಂಜೈಲ್ ಬ್ರೋಮೈಡಿಗೆ ಡೋಡೆಸೈಲ್ ಡೈಮೀಥೈಲ್ ಅಮೈನ್ ಸೇರಿಸಿ, 365 ನ್ಯಾನೋಮೀಟರ್ ಎಲ್‌ಇಡಿಯ ಕೆಳಗೆ ಇಟ್ಟರೆ ಎಚ್‌ಪಿಎಲ್‌ಸಿಯಲ್ಲಿ (ಘಟಕಗಳನ್ನು ಬೇರ್ಪಡಿಸಿ ಅಳೆಯುವ ಉಪಕರಣ) ಮೂಲ ಅಣುವಿನ ಪೀಕ್ ಪೂರ್ತಿ ಮಾಯವಾಗುತ್ತಿತ್ತು. ಆದರೂ ಆ ದ್ರಾವಣದಲ್ಲಿ ಸ್ಟ್ಯಾಫ್ (ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ) ಬೆಳೆಯಲೇ ಇಲ್ಲ. ಬಿಡುಗಡೆಯಾದ ಅಮೈನ್ ಪಿಎಚ್ 7ರಲ್ಲಿ ಪ್ರೋಟಾನ್ ಹಿಡಿದುಕೊಂಡು, 12 ಇಂಗಾಲದ ಬಾಲದೊಂದಿಗೆ, ಕ್ವಾಟ್ ಮಾಡುತ್ತಿದ್ದ ಕೆಲಸವನ್ನೇ ಮುಂದುವರಿಸುತ್ತಿತ್ತು. ಇದು ಖಚಿತವಾಗುವ ಹೊತ್ತಿಗೆ ಸ್ವಂತ ಹಣ ಸುಮಾರು ಒಂದೂವರೆ ಲಕ್ಷ ಕರಗಿತ್ತು. ಅಣುವನ್ನು ಒಡೆಯುವುದು ಕಷ್ಟವಲ್ಲ, ಒಡೆದ ಮೇಲೆ ಉಳಿಯುವ ಚೂರುಗಳು ನಿಷ್ಕ್ರಿಯವಾಗಿರಬೇಕು. ಪ್ರಬಂಧಗಳಲ್ಲಿ ಈ ಭಾಗವನ್ನು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ಹಾಗಾಗಿ ರಚನೆಯನ್ನು ತಿರುಗಿಸಿದೆ: ಬಾಲವನ್ನು ಉಂಗುರಕ್ಕೆ ಕಟ್ಟಿ, ಬೆಳಕಿಗೆ ಕಳಚಿಕೊಳ್ಳುವ ಜಾಗದಲ್ಲಿ ಪುಟ್ಟ ಅಮೈನ್ ಇಟ್ಟೆ. ವೆನಿಲಿನ್‌ನಿಂದ ಹೊರಟು ಡೋಡೆಸೈಲ್ ಈಥರ್, ನೈಟ್ರೇಶನ್, ಬೋರೋಹೈಡ್ರೈಡ್, ಕ್ಲೋರೈಡ್, ಕೊನೆಗೆ ಅಮೈನ್. ನೈಟ್ರೇಶನ್‌ನಲ್ಲಿ ಬಿಸಿ ಏರಿದರೆ ಆಲ್ಡಿಹೈಡ್ ಗುಂಪೇ ಉದುರಿ ಅಲ್ಲಿ ನೈಟ್ರೋ ಕೂರುತ್ತದೆ, ಆದ್ದರಿಂದ ಐಸ್ ಬಾತ್ ಬಿಟ್ಟು ಕದಲಬಾರದು. ಹೀಗೆ ಬಂದ ಕ್ವಾಟ್‌ನ ಎಂಐಸಿ (ಬೆಳವಣಿಗೆ ತಡೆಯುವ ಕನಿಷ್ಠ ಪ್ರಮಾಣ) ಸ್ಟ್ಯಾಫ್ ಮೇಲೆ ಮಿಲಿಲೀಟರಿಗೆ 8 ಮೈಕ್ರೋಗ್ರಾಂ ಆಸುಪಾಸು, ಇ. ಕೋಲಿ ಮೇಲೆ 32ರ ಹತ್ತಿರ. ಬೆಳಕು ಕಂಡ ಮೇಲೆ 128 ಹಾಕಿದರೂ ಎರಡೂ ಆರಾಮವಾಗಿ ಬೆಳೆದವು.

ಮೊದಲು ಬಳಸಿದ್ದು ಟ್ರೈಮೀಥೈಲ್ ಅಮೈನ್. ಒರೆಸಿದ ಟೈಲ್ ಮೇಲೆ ಬಿಸಿಲು ಬಿದ್ದೊಡನೆ ಕೋಣೆಯಲ್ಲೆಲ್ಲ ಕೊಳೆತ ಮೀನಿನ ವಾಸನೆ! ಅದರ ಬದಲಿಗೆ ಈಗ ಯಾವ ಅಮೈನ್ ಹಾಕುತ್ತೇನೆಂಬುದನ್ನು ಸದ್ಯಕ್ಕೆ ಬರೆಯುವುದಿಲ್ಲ. ಅಣು ಒಡೆದಾಗ ಉಳಿಯುವ ನೈಟ್ರೋಸೋ ಆಲ್ಡಿಹೈಡಿನ ಹಳದಿ-ಕಂದು ಕಲೆ ಇನ್ನೊಂದು ತಲೆನೋವಾಗಿತ್ತು, ಏಕೆಂದರೆ ಆ ಬಣ್ಣವೇ ಬೆಳಕನ್ನು ಹೀರಿ ಕೆಳಗಿನ ಪದರ ಒಡೆಯದಂತೆ ತಡೆಯುತ್ತದೆ. ವೆನಿಲಿನ್ ಬದಲು ಅಸಿಟೋವೆನಿಲೋನ್‌ನಿಂದ ಹೊರಟು ಆಲ್ಫಾ-ಮೀಥೈಲ್ ಸೇರಿಸಿದಾಗ ಕಳಚುವಿಕೆ ಚುರುಕಾಯಿತು, ಕಲೆಯೂ ತಗ್ಗಿತು. ಆದರೆ ಕೊನೆಯ ಹಂತದಲ್ಲಿ ಅರ್ಧದಷ್ಟು ಸ್ಟೈರೀನ್ ಆಗಿ ಹೋಗುವುದರಿಂದ ವೆಚ್ಚ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಬೆಳಕೇ ಬ್ಯಾಕ್ಟೀರಿಯಾವನ್ನು ಕೊಂದಿತೋ ಎಂದು ಕೇಳುವವರು ಇದ್ದೇ ಇದ್ದಾರೆ. ಅದಕ್ಕಾಗಿ ದ್ರಾವಣಕ್ಕೆ ಮೊದಲು ಬೆಳಕು ತೋರಿಸಿ, ಅನಂತರವೇ ಕಲ್ಚರ್ ಹಾಕುತ್ತೇನೆ. ದೀಪದ ಬಿಸಿಯ ಅನುಮಾನಕ್ಕೆ ಅದೇ ದೀಪದಡಿ ಅಲ್ಯೂಮಿನಿಯಂ ಹಾಳೆ ಸುತ್ತಿದ ಟ್ಯೂಬ್ ಒಂದನ್ನು ಪಕ್ಕದಲ್ಲಿ ಇಡುತ್ತೇನೆ.

ಕುತೂಹಲಕ್ಕೆ ತಾರಸಿಯ ಮೇಲೂ ಇಟ್ಟು ನೋಡಿದೆ. ಮಾರ್ಚ್ ಮಧ್ಯಾಹ್ನದಲ್ಲಿ ಅಗಲ ತಟ್ಟೆಯ ತೆಳು ಪದರಕ್ಕೆ ಅರ್ಧ ಗಂಟೆ ಸಾಕಾಯಿತು. ಕಿಟಕಿಯ ಗಾಜಿನ ಹಿಂದೆಯೂ ಒಡೆಯಿತು, ಪಾಲಿಕಾರ್ಬೊನೇಟ್ ಶೀಟಿನ ಕೆಳಗೆ ಅಲುಗಲಿಲ್ಲ, ಕೆಸರು ಬೆರೆತ ಬಕೆಟ್ಟಿನಲ್ಲಿ ಮೇಲ್ಪದರ ಮಾತ್ರ ಕೆಟ್ಟಿತು. ಒಳಾಂಗಣದ ಸಾಮಾನ್ಯ ಎಲ್‌ಇಡಿ ಟ್ಯೂಬ್‌ಲೈಟಿನಲ್ಲಿ ಯುವಿ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ವಾರ್ಡಿನ ನೆಲದ ಮೇಲೆ ಇದು ಕೆಡದೆ ಕೆಲಸ ಮಾಡುತ್ತದೆ. ಮುಚ್ಚಿದ ಚರಂಡಿಗೆ ಇಳಿದರೆ ಮಾತ್ರ ಸಾಮಾನ್ಯ ಕ್ವಾಟ್ ಆದ ಬೆಂಜಾಲ್ಕೋನಿಯಂಗೂ ಇದಕ್ಕೂ ವ್ಯತ್ಯಾಸವಿಲ್ಲ, ಹಾಗಾಗಿ ಒರೆಸಿದ ನೀರನ್ನು ಸೋಸಿ, ತಾರಸಿಯ ತಟ್ಟೆಯಲ್ಲಿ ಒಂದು ಹೊತ್ತು ಬಿಸಿಲಿಗೆ ಬಿಟ್ಟು ಚೆಲ್ಲಬೇಕೆಂದು ಕೊಂಡವರಿಗೆಲ್ಲ ಹೇಳುತ್ತೇನೆ. ಬೆಲೆ ಇನ್ನೂ ಬೆಂಜಾಲ್ಕೋನಿಯಂನ ಹತ್ತು ಪಟ್ಟಿನಷ್ಟಿದೆ. ಆದರೂ ಅಂದು ನಕ್ಕವರಲ್ಲಿ ಒಬ್ಬರು ಮೊನ್ನೆ ಸ್ಯಾಂಪಲ್ ಕೇಳಿ ಕರೆ ಮಾಡಿದ್ದರು.