ಉಪ್ಪು ತಡೆಯುವ ಭತ್ತ: ತಟ್ಟೆಯಿಂದ ತೆನೆಯವರೆಗೆ

ಕಗ್ಗ ಭತ್ತ ಬೆಳೆಯುವ ಗಜನಿಯ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಗಳ ಊರಿನವಳು ನಾನು; ಕುಮಟಾ ತಾಲ್ಲೂಕು, ಅಘನಾಶಿನಿಯ ಅಳಿವೆ. ಧಾರವಾಡದಲ್ಲಿ ಕೃಷಿ ಪದವಿ ಓದಿ, ಬೆಂಗಳೂರಿನಲ್ಲಿ ಬೆಳೆ ಶರೀರಕ್ರಿಯಾಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿ ಗೋವೆಗೆ ಬಂದೆ. ಭತ್ತ ಉಪ್ಪನ್ನು ಹೇಗೆ ತಾಳಿಕೊಳ್ಳುತ್ತದೆ ಎಂಬುದೇ ಅಂದಿನಿಂದ ನನ್ನ ಕೆಲಸ. ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಪ್ಪನದು ಒಂದೇ ಪ್ರಶ್ನೆ: "ಕಗ್ಗ ಉಪ್ಪಿಗೆ ಜಗ್ಗುವುದಿಲ್ಲ ಎಂದು ನಮಗೆ ಗೊತ್ತೇ ಇದೆಯಲ್ಲ ತಂಗೀ, ನೀನು ಹೊಸತಾಗಿ ಹುಡುಕುವುದೇನು?"

ಗೋವೆಯ ಖಾಜನ್ ಭೂಮಿ, ಅಂದರೆ ಬಂಡು ಕಟ್ಟಿ ಉಪ್ಪುನೀರು ತಡೆದ ತಗ್ಗು ಗದ್ದೆಗಳನ್ನು ನೋಡಿದರೆ ನಮ್ಮವರಿಗೆ ಪರಸ್ಥಳ ಎನಿಸುವುದಿಲ್ಲ. ಅದೇ ಮಣ್ಣಿನ ಬಂಡು, ಅದೇ ಮರದ ಬಾಗಿಲು. ಇಲ್ಲಿ ಅದನ್ನು ಮಾನಸ್ ಎನ್ನುತ್ತಾರೆ, ನಮ್ಮಲ್ಲಿ ಜಂತ್ರಡಿ. ಭರತದ ನೀರು ಒತ್ತಿದಾಗ ತಾನಾಗಿ ಮುಚ್ಚಿಕೊಂಡು, ಇಳಿತದಲ್ಲಿ ಒಳಗಿನ ನೀರನ್ನು ಹೊರಗೆ ಬಿಡುತ್ತದೆ. ಜೂನ್ ಮಳೆ ಗದ್ದೆಯ ಉಪ್ಪನ್ನು ತೊಳೆದ ಮೇಲೆ ಕೊರ್ಗುಟ್ ಬಿತ್ತುತ್ತಾರೆ. ಎತ್ತರದ ನಾಟಿ ತಳಿ. ಗಾಳಿ ಜೋರಾದರೆ ಮಲಗುತ್ತದೆ, ಇಳುವರಿಯೂ ಅಷ್ಟಕ್ಕಷ್ಟೇ. ಆದರೆ ಮಳೆ ಕೈಕೊಟ್ಟು ಉಪ್ಪು ಮೇಲೇರಿದ ವರ್ಷವೂ ಮನೆಗೆ ಒಂದಿಷ್ಟು ಅಕ್ಕಿ ಕೊಡುತ್ತದೆ.

ಉಪ್ಪು ಗಿಡವನ್ನು ಎರಡು ಹಂತದಲ್ಲಿ ಹೊಡೆಯುತ್ತದೆ. ಮೊದಲು ಬೇರಿಗೆ ನೀರೆಳೆಯುವುದು ಕಷ್ಟವಾಗಿ ಬೆಳವಣಿಗೆ ನಿಲ್ಲುತ್ತದೆ. ಇದು ಹೆಚ್ಚುಕಡಿಮೆ ಬರದಂತೆಯೇ. ದಿನ ಕಳೆದಂತೆ ಸೋಡಿಯಂ ಎಲೆಗಳಲ್ಲಿ ತುಂಬಿ, ಹಳೆಯ ಎಲೆಗಳು ತುದಿಯಿಂದ ಸುಡುತ್ತ ಬರುತ್ತವೆ. ತಾಳಿಕೊಳ್ಳುವ ತಳಿಗಳಲ್ಲಿ ಮೇಲೇರುವ ರಸದಿಂದ ಸೋಡಿಯಂ ಅನ್ನು ಬೇರಿನಲ್ಲೇ ಹಿಂದಕ್ಕೆ ಎಳೆದುಕೊಳ್ಳುವ ಪ್ರೋಟೀನ್ ಒಂದು ಚುರುಕಾಗಿರುತ್ತದೆ. ಅದರ ಜೀನ್ ಬಂಗಾಳದ ನೋನಾ ಬೋಕ್ರಾ ತಳಿಯಲ್ಲಿ ಪತ್ತೆಯಾದದ್ದು 2005ರಲ್ಲಿ. ಕೇರಳದ ಪೊಕ್ಕಾಳಿಯಿಂದ ಗುರುತಿಸಿದ, ತಳಿ ಅಭಿವೃದ್ಧಿಯವರೆಲ್ಲ ಬಳಸುವ ಸಾಲ್ಟಾಲ್ ಎಂಬ ವರ್ಣತಂತು ಭಾಗದಲ್ಲೇ ಅದೂ ಇದೆ.

ನಾನೂ ಎಲ್ಲರಂತೆ ಸಸಿಗಳಿಂದಲೇ ಶುರು ಮಾಡಿದೆ. ಥರ್ಮೋಕೋಲ್ ಹಲಗೆಗೆ ತೂತು ಕೊರೆದು, ಅಡಿಗೆ ನೈಲಾನ್ ಬಲೆ ಹೊಲಿದು, ಮೊಳಕೆಗಳನ್ನು ಕೂರಿಸಿ ತಟ್ಟೆಯಲ್ಲಿನ ಪೋಷಕಾಂಶದ ನೀರಿನ ಮೇಲೆ ತೇಲಿಬಿಡುವುದು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಉಪ್ಪು ಏರಿಸುವುದು. ಲವಣಾಂಶ ಸುಮಾರು 3 ಡೆಸಿಸೀಮನ್ಸ್ (ನೀರು ವಿದ್ಯುತ್ ಹರಿಸುವ ಪ್ರಮಾಣದಿಂದ ಉಪ್ಪು ಅಳೆಯುವ ಮಾನ, ಪ್ರತಿ ಮೀಟರಿಗೆ) ದಾಟಿದರೆ ಸಾಮಾನ್ಯ ಭತ್ತದ ಇಳುವರಿ ಕುಸಿಯತೊಡಗುತ್ತದೆ; ತಟ್ಟೆಯಲ್ಲಿ ನಾವು ಕೊಡುವುದು 12. ಸೋಲುವ ತಳಿಯೆಂದು ಐಆರ್ 29, ಗೆಲ್ಲುವ ತಳಿಯೆಂದು ಪೊಕ್ಕಾಳಿ ಪಕ್ಕದಲ್ಲೇ ಇರಬೇಕು. 1ರಿಂದ 9ರವರೆಗೆ ಅಂಕ. 9 ಎಂದರೆ ಗಿಡ ಸತ್ತಂತೆ. ನೂರಾರು ತಳಿಗಳನ್ನು ಕೆಲವೇ ವಾರಗಳಲ್ಲಿ ಜರಡಿ ಹಿಡಿಯಬಹುದು, ಪ್ರಬಂಧವೂ ಬೇಗ ಸಿದ್ಧವಾಗುತ್ತದೆ.

ಎಲೆಯಲ್ಲಿ ಸೋಡಿಯಂ ಎಷ್ಟು, ಪೊಟ್ಯಾಸಿಯಂ ಎಷ್ಟು ಎಂದು ಅಳೆಯುವುದು ಮಾತ್ರ ಸಹನೆಯ ಪರೀಕ್ಷೆ. ಬೆವರಿನ ಕೈಯಲ್ಲಿ ಎಲೆ ಮುಟ್ಟಿದರೆ ನಾವು ಅಳೆಯುವುದು ನಮ್ಮದೇ ಉಪ್ಪನ್ನು. ಮೇ ತಿಂಗಳ ಪಣಜಿಯಲ್ಲಿ ಬೆವರದ ಕೈ ಯಾರದು? ಹಾಗಾಗಿ ಕೈಗವಸು ಕಡ್ಡಾಯ. ಎಲೆಯನ್ನು ಶುದ್ಧ ನೀರಿನಲ್ಲಿ ಥಟ್ಟನೆ ಅದ್ದಿ ತೆಗೆದು, ಒಣಗಿಸಿ, ಪುಡಿ ಮಾಡಿ, ಆಮ್ಲದಲ್ಲಿ ಕರಗಿಸಿ, ಗಾಜಿನ ಬದಲು ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡುತ್ತೇನೆ. ಗಾಜಿನಲ್ಲೂ ಸೋಡಿಯಂ ಇರುತ್ತದೆ. ಫ್ಲೇಮ್ ಫೋಟೋಮೀಟರಿನ ನೀಲಿ ಜ್ವಾಲೆಗೆ ಐಆರ್ 29ರ ದ್ರಾವಣ ಬಿದ್ದೊಡನೆ ಅದು ಅರಿಸಿನ ಬಣ್ಣಕ್ಕೆ ತಿರುಗುತ್ತದೆ. ಕೊರ್ಗುಟ್‌ನದು ಹಾಕಿದಾಗ ಹಳದಿ ಇದ್ದರೂ ಮಂಕು. ಸೋಡಿಯಂ ಹೆಚ್ಚಿದ್ದಷ್ಟೂ ಹಳದಿ ಗಾಢ; ಅಂಕಿ ಓದುವ ಮೊದಲೇ ಕಣ್ಣಿಗೆ ತಿಳಿಯುತ್ತದೆ.

ಆದರೆ ರೈತ ಸಸಿಯನ್ನು ಉಣ್ಣುವುದಿಲ್ಲ. ಭತ್ತ ಮೊಳೆಯುವಾಗ ಉಪ್ಪಿಗೆ ಅಷ್ಟಾಗಿ ಹೆದರುವುದಿಲ್ಲ, ಎಳೆಸಸಿಯಾದಾಗ ಮೆತ್ತಗಾಗುತ್ತದೆ, ತೆಂಡೆಯೊಡೆಯುವಾಗ ಮತ್ತೆ ಗಟ್ಟಿ, ಹೊಡೆ ಬಂದು ಹೂವಾಗುವಾಗ ಪುನಃ ನಾಜೂಕು. ಮುಖ್ಯವಾದ ಮಾತೆಂದರೆ, ಸಸಿಯಲ್ಲಿ ಗೆದ್ದ ತಳಿ ಹೂವಿನಲ್ಲೂ ಗೆಲ್ಲಬೇಕೆಂದಿಲ್ಲ. ಖಾಜನ್‌ನಲ್ಲಿ ಮಳೆ ಬೇಗ ಹಿಂದೆ ಸರಿದು ಉಪ್ಪು ಮೇಲೇರಿದರೆ ಅದು ಬಹುಮಟ್ಟಿಗೆ ತೆನೆಯ ಕಾಲಕ್ಕೇ. ತೆನೆ ನೆಟ್ಟಗೆ ನಿಂತಿದೆಯಲ್ಲ ಎಂದು ಹಿಚುಕಿ ನೋಡಿದರೆ ಬರೀ ಜೊಳ್ಳು.

ಈ ಹಂತದ ಪರೀಕ್ಷೆಗೆ ಕೈಹಾಕುವವರು ಕಡಿಮೆ, ಏಕೆಂದರೆ ಅದು ಜೀವ ತಿನ್ನುವ ಕೆಲಸ. ತಳ ತೂತಿರುವ ಕುಂಡದಲ್ಲಿ ಸಿಹಿನೀರಿನಲ್ಲೇ ಗಿಡ ಬೆಳೆಸಿ, ಧ್ವಜ ಎಲೆಯ, ಅಂದರೆ ತೆನೆಗೆ ಮುಂಚೆ ಬರುವ ಕೊನೆಯ ಎಲೆಯ ತುದಿ ಇಣುಕಿದ ದಿನ ಅದನ್ನು ಉಪ್ಪುನೀರಿನ ತೊಟ್ಟಿಗೆ ಇಳಿಸಬೇಕು. ಒಂದೊಂದು ಗಿಡದ್ದೂ ಒಂದೊಂದು ದಿನ, ಭಾನುವಾರವೆಂದು ಅದು ಕಾಯುವುದಿಲ್ಲ. ಜೊತೆಗೆ ಕೆಳಗಿನ ಹಳೆಯ ಎಲೆಗಳನ್ನು ಕತ್ತರಿಸಿಬಿಡುತ್ತೇವೆ. ಗಿಡ ಉಪ್ಪನ್ನು ಅಲ್ಲಿ ಸುರಿದು ಪಾರಾಗಬಾರದು, ತೆನೆಯೇ ಎದುರಿಸಬೇಕು. ಗೋವೆಯ ಮಳೆ ತೊಟ್ಟಿಯ ಉಪ್ಪನ್ನು ತಿಳಿಗೊಳಿಸದಂತೆ ಮೇಲೆ ಪಾಲಿಥಿನ್ ಚಪ್ಪರ. ನಮ್ಮ ಸಹಾಯಕರು ಗದಗದ ಕಡೆಯವರು, ಬಿಳಿಜೋಳದ ಸೀಮೆ. ಚೆನ್ನಾಗಿರುವ ಬೆಳೆಯ ಎಲೆ ಕತ್ತರಿಸಿ ಉಪ್ಪು ಸುರಿಯುವುದು ಅವರಿಗೆ ಇಂದಿಗೂ ಪಾಪದ ಕೆಲಸವೇ. ಧ್ವಜ ಎಲೆ ಗುರುತಿಸುವುದರಲ್ಲಿ ಮಾತ್ರ ನನ್ನ ವಿದ್ಯಾರ್ಥಿಗಳಿಗಿಂತ ಅವರು ಒಂದು ಕೈ ಮುಂದೆ.

ಹಳೆ ಗೋವೆಯ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯವರು ಕೊರ್ಗುಟ್‌ನಿಂದಲೇ ಆಯ್ದು 'ಗೋವಾ ಧಾನ್' ತಳಿಗಳನ್ನು ಹೊರತಂದಿದ್ದಾರೆ. ಹೊರಗಿನ ಜೀನ್ ತಂದು ಕೂರಿಸುವುದಕ್ಕಿಂತ ಊರ ತಳಿಯೊಳಗೇ ಆಯ್ಕೆ ಮಾಡುವ ಈ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಖಾಜನ್‌ನಲ್ಲಿ ಉಪ್ಪೊಂದೇ ಬರುವುದಿಲ್ಲ, ಮುಳುಗಡೆಯೂ ಬರುತ್ತದೆ. ಸಾಲ್ಟಾಲ್ ಒಂದನ್ನೇ ನಂಬಿದ ಗಿಡ ನೀರಿನಡಿ ಕೊಳೆಯಬಹುದು. ಮುಳುಗಡೆ ತಡೆಯುವ ಸಬ್1 ಜೀನ್ ಒಡಿಶಾದ ತಳಿಯಿಂದ ಬಂದದ್ದು. ಅದನ್ನೂ ಉಪ್ಪನ್ನೂ ಒಟ್ಟಿಗೆ ಪರೀಕ್ಷಿಸಲು ಈಗ ತೊಟ್ಟಿಗಳನ್ನು ಆಳ ಮಾಡಿಸಿದ್ದೇನೆ.

ಬಂಡು ಒಡೆದ ಗದ್ದೆಯವರೂ ಬಂದು ಬೀಜ ಕೇಳುತ್ತಾರೆ. ಅದೇ ಡೆಸಿಸೀಮನ್ಸ್ ಲೆಕ್ಕದಲ್ಲಿ ಸಮುದ್ರದ ನೀರಿನ ಲವಣಾಂಶ 50ರ ಆಸುಪಾಸು. ಅದರಲ್ಲಿ ವರ್ಷವಿಡೀ ನಿಲ್ಲುವ ಭತ್ತ ನನ್ನ ಬಳಿಯೂ ಇಲ್ಲ, ಬೇರೆಯವರ ಬಳಿಯೂ ಇಲ್ಲ. ಮೊದಲು ಬಂಡು ಕಟ್ಟಿಸಿ, ಮಾನಸ್ ಸರಿ ಮಾಡಿಸಿ, ಒಂದು ಮಳೆಗಾಲ ಉಪ್ಪು ತೊಳೆಯಲಿ, ಆಮೇಲೆ ಬನ್ನಿ ಎಂದು ಹೇಳಿ ಕಳುಹಿಸುತ್ತೇನೆ.